ಅವ್ವನ ಕೋಣೆಯ ಆಯಿಲ್ ಹೀಟರ್ ಸೋರುತ್ತಿದೆ, ಹೊಸದನ್ನು ಮಣ್ಣಿನ ಗೋಡೆಗೆ ಹಾಕಬಹುದಾ?

ಗಾಳಿಬೀಡು ತೋಟದಮನೆ · ನವೆಂಬರ್ 12

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಗಾಳಿಬೀಡಿನಲ್ಲಿ ಅಜ್ಜನ ಕಾಲದ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಕೆಂಪು ರೆಡ್‌ಆಕ್ಸೈಡ್ ನೆಲ. ಅವ್ವನಿಗೆ 79 ವರ್ಷ, ಮಂಡಿ ನೋವು ಜಾಸ್ತಿ ಇದೆ. ಜುಲೈ, ಆಗಸ್ಟ್ ಹೊತ್ತಿನ ಕಕ್ಕಡದ ಮಳೆಯಲ್ಲಿ ಮತ್ತು ಡಿಸೆಂಬರ್, ಜನವರಿ ಚಳಿಯಲ್ಲಿ ಅವರ ಕೋಣೆಗೆ ಹೀಟರ್ ಬೇಕೇ ಬೇಕು.

ಏಳು ವರ್ಷದಿಂದ ಒಂದು ಆಯಿಲ್ ಹೀಟರ್ ಇದೆ. ರೇಡಿಯೇಟರ್ ಥರ 11 ಫಿನ್ ಇರುವಂಥದ್ದು, ಕೆಳಗೆ ಚಕ್ರ. ಹೋದ ವಾರ ಅದರ ಅಡಿಯಲ್ಲಿ ಎಣ್ಣೆಯ ಕಲೆ ಕಂಡಿತು. ಒರೆಸಿದೆ. ಮರುದಿನ ಮತ್ತೆ ಅಲ್ಲೇ ಅಂಗೈ ಅಗಲ ಎಣ್ಣೆ. ಅದಕ್ಕಿಂತ ಹೆದರಿಕೆ ಆಗಿದ್ದು ಬೇರೆ ವಿಷಯಕ್ಕೆ. ಅವ್ವ ರಾತ್ರಿ ಎದ್ದಾಗ ವಾಕರ್‌ನ ಕಾಲು ಹೀಟರ್ ವಯರ್‌ಗೆ ಸಿಕ್ಕಿ ಮುಗ್ಗರಿಸಿದರು. ಮಂಚ ಹಿಡಿದುಕೊಂಡಿದ್ದರಿಂದ ಬೀಳಲಿಲ್ಲ. ಆ ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಹಾಗಾಗಿ ಹೊಸ ಹೀಟರ್ ನೆಲದ ಮೇಲೆ ಇರಬಾರದು, ಗೋಡೆಗೇ ಹಾಕಬೇಕು ಅಂತ ತೀರ್ಮಾನ ಮಾಡಿದ್ದೇನೆ. ಹಳೆಯದಕ್ಕೆ ಎಣ್ಣೆ ತುಂಬಿಸಿ ಅದನ್ನೇ ಗೋಡೆಗೆ ಏರಿಸಬಹುದಾ? ಇಲ್ಲವಾದರೆ ಯಾವುದು ತಗೊಳ್ಳಲಿ? ಅಂಗಡಿಯಲ್ಲಿ ಕೇಳಿದರೆ "ನಾಲ್ಕು ಸ್ಕ್ರೂ ಹೊಡೆದರೆ ಆಯ್ತಮ್ಮ" ಅಂದರು. ಮಣ್ಣಿನ ಗೋಡೆ ಅಂದಾಗ ಉತ್ತರ ಬರಲಿಲ್ಲ.

ಸೋಮವಾರಪೇಟೆ ವಯರ್‌ಮ್ಯಾನ್ · ನವೆಂಬರ್ 12

ಅಕ್ಕ, ಮೊದಲು ಆ ಹೀಟರ್‌ನ ಪ್ಲಗ್ ತೆಗೆದು ಹೊರಗೆ ಇಡಿ. ಇವತ್ತು ರಾತ್ರಿಯೂ ಹಾಕಬೇಡಿ.

ಅದರೊಳಗಿನ ಎಣ್ಣೆ ಸುಡುವುದಕ್ಕೆ ಅಲ್ಲ, ಬಿಸಿಯನ್ನು ಎಲ್ಲಾ ಫಿನ್‌ಗಳಿಗೂ ಒಯ್ಯುವುದಕ್ಕೆ. ಕೆಳಭಾಗದಲ್ಲಿ ಕಾಯಿಲ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಎಣ್ಣೆ ಸೋರಿ ಮಟ್ಟ ಇಳಿದರೆ ಕಾಯಿಲ್ ಬರಿದಾಗಿ ಮಿತಿ ಮೀರಿ ಕಾಯುತ್ತದೆ. ಕಾರ್ಖಾನೆಯಲ್ಲೇ ಎಣ್ಣೆ ತುಂಬಿ ಸೀಲ್ ಮಾಡಿರುತ್ತಾರೆ. ಮನೆಯಲ್ಲಿ ತುಂಬುವ ದಾರಿ ಇಲ್ಲ. ಬೆಸುಗೆ ಹಾಕಿಸಿ ನಡೆಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಆಯಸ್ಸು ಮುಗಿಯಿತು.

ಚಕ್ರದ ಹೀಟರನ್ನು ಗೋಡೆಗೆ ಹಾಕುವುದೂ ಬೇಡ. ಅದು ನೆಲದ ಮೇಲೆ ನೆಟ್ಟಗೆ ನಿಲ್ಲುವುದಕ್ಕೆ ಮಾಡಿದ್ದು. ತೂಕ ಹನ್ನೆರಡು ಕೆಜಿ ಹತ್ತಿರ ಬರುತ್ತದೆ, ಹಿಂದೆ ನೇತುಹಾಕುವ ಕಿವಿ ಇರುವುದಿಲ್ಲ. ಗೋಡೆಗೆ ಅಂತಲೇ ಬರುವ ಪ್ಯಾನೆಲ್ ಹೀಟರ್ ಸಿಗುತ್ತದೆ. ಚಪ್ಪಟೆ, ತೂಕ ಕಮ್ಮಿ, ಬ್ರಾಕೆಟ್ ಜೊತೆಗೇ ಬರುತ್ತದೆ. ಅದನ್ನೇ ತಗೊಳ್ಳಿ.

ನಿಮ್ಮ ಕೋಣೆ ಎಷ್ಟು ದೊಡ್ಡದು? ಈಗ ಯಾವ ಪಾಯಿಂಟಿಗೆ ಹಾಕುತ್ತಿದ್ದೀರಿ? ಅದು ತಿಳಿಯದೆ ಗೋಡೆಯ ವಿಷಯಕ್ಕೆ ಹೋಗುವುದು ಬೇಡ.

ಗಾಳಿಬೀಡು ತೋಟದಮನೆ · ನವೆಂಬರ್ 13

ಪ್ಲಗ್ ತೆಗೆದೆ ಅಣ್ಣ. ಕೋಣೆ 12 ಅಡಿಗೆ 11 ಅಡಿ, ಸೀಲಿಂಗ್ ಇಲ್ಲ, ಮೇಲೆ ಹೆಂಚು ಕಾಣುತ್ತದೆ. ಮಂಚದ ಪಕ್ಕ ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪಾಯಿಂಟ್ ಇದೆ. ಅಲ್ಲಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಹೀಟರ್ ಹಾಕುತ್ತಿದ್ದೆವು. ಇವತ್ತು ತಿರುಗಿಸಿ ನೋಡಿದರೆ ಬಾಕ್ಸಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ.

ಸೋಮವಾರಪೇಟೆ ವಯರ್‌ಮ್ಯಾನ್ · ನವೆಂಬರ್ 13

ಅದು ಕಂದು ಬಣ್ಣ ಅಲ್ಲ, ಸುಟ್ಟಿರುವ ಗುರುತು. ದೇವರು ದೊಡ್ಡವನು.

ಲೆಕ್ಕ ಸುಲಭ. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಸಣ್ಣ ಪಾಯಿಂಟ್ ತಡೆಯುವುದು 6 ಆಂಪ್. ಮಿಕ್ಸಿ ಐದು ನಿಮಿಷ ಓಡಿ ನಿಲ್ಲುತ್ತದೆ, ಹೀಟರ್ ಗಂಟೆಗಟ್ಟಲೆ ಓಡುತ್ತದೆ. ಸಡಿಲವಾದ ಒಂದು ಪಿನ್ ಸಾಕು, ಅಲ್ಲೇ ಕಾಯುತ್ತದೆ.

ಹೀಟರ್‌ಗೆ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಿ. 2.5 ಚದರ ಎಂಎಂ ತಾಮ್ರದ ವಯರ್, 16 ಆಂಪ್ ಪ್ಲಗ್ ಪಾಯಿಂಟ್, ಅದಕ್ಕೇ ಒಂದು 16 ಆಂಪ್ ಎಂಸಿಬಿ. ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಈ ಖರ್ಚಿನಲ್ಲೇ ಹಾಕಿಸಿ. ಭಾರ ಹೆಚ್ಚಾದರೆ ಎಂಸಿಬಿ ಲೈನ್ ಕಡಿದು ವಯರನ್ನು ಕಾಪಾಡುತ್ತದೆ, ಕರೆಂಟ್ ಸೋರಿದರೆ ಆರ್‌ಸಿಸಿಬಿ ಲೈನ್ ಕಡಿದು ಮನುಷ್ಯರನ್ನು ಕಾಪಾಡುತ್ತದೆ. ಕೊಡಗಿನ ಮಳೆಯಲ್ಲಿ ಗೋಡೆಯೇ ಒದ್ದೆ ಇರುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಅರ್ಥಿಂಗ್ ಗುಂಡಿಯನ್ನೂ ನೋಡಿಸಿ. ಮಳೆಗಾಲದಲ್ಲಿ ಮಣ್ಣು ಒದ್ದೆಯಾಗಿ ಅರ್ಥ್ ಚೆನ್ನಾಗಿ ಸಿಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಅದೇ ಗುಂಡಿ ಕೈ ಕೊಡುತ್ತದೆ.

ಪಾಯಿಂಟ್ ಹೀಟರಿನ ನೇರ ಮೇಲೆ ಬರಬಾರದು, ಪಕ್ಕಕ್ಕೆ ಇರಲಿ. ಬಿಸಿ ಗಾಳಿ ಮೇಲಕ್ಕೇ ಏಳುತ್ತದೆ.

ಅಳತೆಯ ಬಗ್ಗೆ ಹೇಳುವುದಾದರೆ ಚದರ ಅಡಿಗೆ 10 ವ್ಯಾಟ್ ಅಂತ ನಾವು ಅಂದಾಜು ಹಿಡಿಯುತ್ತೇವೆ. ನಿಮ್ಮದು 132 ಚದರ ಅಡಿ. 1500 ವ್ಯಾಟ್ ಸಾಕು. ಆದರೆ ಸೀಲಿಂಗ್ ಇಲ್ಲ ಅಂದಿರಿ. ಬಿಸಿಯೆಲ್ಲ ಹೆಂಚಿನ ಸಂದಿಯಲ್ಲಿ ಹೋಗುತ್ತದೆ.

ಭಾಗಮಂಡಲ ನಿವೃತ್ತ ಮೇಷ್ಟ್ರು · ನವೆಂಬರ್ 13

ಕೊನೆಯ ಮಾತು ಬಹಳ ಸರಿ. ತಾಯಿ, ಹೀಟರ್‌ಗೆ ಮೊದಲು ಸೀಲಿಂಗ್ ಮಾಡಿಸಿ. ನಮ್ಮೂರಿನ ಮಳೆ ನಿಮಗೆ ಗೊತ್ತು. ನಾನು ಮೂರು ವರ್ಷದ ಹಿಂದೆ ಮಲಗುವ ಕೋಣೆಗೆ ಪ್ಲೈವುಡ್ ಹೊಡೆಸಿದೆ. ಅದೇ ಹೀಟರ್, ಅದೇ ಕೋಣೆ. ಮೊದಲು ರಾತ್ರಿಯಿಡೀ ಹಾಕಿದರೂ ಕಾಲು ತಣ್ಣಗಿರುತ್ತಿತ್ತು. ಈಗ ಮಲಗುವ ಮುಂಚೆ ಒಂದು ಗಂಟೆ ಹಾಕಿ ಆರಿಸುತ್ತೇವೆ.

ನಾವು ಚಿಕ್ಕವರಿದ್ದಾಗ ಕೆಂಡದ ಬಾಣಲೆ ಮಂಚದ ಕೆಳಗೆ ಇಡುತ್ತಿದ್ದರು. ಕರೆಂಟ್ ಇಲ್ಲದ ರಾತ್ರಿ ಈಗಲೂ ಅದು ಉಪಯೋಗಕ್ಕೆ ಬರುತ್ತದೆ.

ಪೊನ್ನಂಪೇಟೆ ನರ್ಸ್ · ನವೆಂಬರ್ 14

ಮೇಷ್ಟ್ರೇ, ನಿಮ್ಮ ಮೇಲೆ ತುಂಬಾ ಗೌರವ ಇದೆ. ಆದರೆ ಕೆಂಡದ ವಿಷಯದಲ್ಲಿ ಸುಮ್ನೆ ಇರಲು ಆಗುವುದಿಲ್ಲ. ಆಗಿನ ಮನೆಗಳಲ್ಲಿ ಹೆಂಚಿನ ಸಂದಿ, ಬಾಗಿಲ ಸಂದಿ ಎಲ್ಲ ತೆರೆದಿರುತ್ತಿತ್ತು. ಹೊಗೆ, ಗಾಳಿ ಹೊರಗೆ ಹೋಗುತ್ತಿತ್ತು. ಈಗ ಸೀಲಿಂಗ್ ಹೊಡೆಸಿ, ಕಿಟಕಿ ಮುಚ್ಚಿ, ಒಳಗೆ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ಮಂಪರು ಬಂದಂತಾಗಿ ಮಲಗಿದವರು ಏಳುವುದಿಲ್ಲ. ವಯಸ್ಸಾದವರ ಕೋಣೆಯಲ್ಲಿ ದಯವಿಟ್ಟು ಬೇಡ. ಕರೆಂಟ್ ಹೋದರೆ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಕಾಲ ಬಳಿ ಇಡಿ. ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ನೇರವಾಗಿ ತಾಗಬಾರದು. ಅವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ.

ಭಾಗಮಂಡಲ ನಿವೃತ್ತ ಮೇಷ್ಟ್ರು · ನವೆಂಬರ್ 14

ಒಪ್ಪಿದೆ ಮಗಳೇ. ಸೀಲಿಂಗ್ ಹೊಡೆಸಿದ ಮೇಲೆ ಕೋಣೆ ಬದಲಾಗಿದೆ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲೂ ಇನ್ನು ಬೇಡ.

ವಿರಾಜಪೇಟೆ ಹೋಮ್‌ಸ್ಟೇ · ನವೆಂಬರ್ 14

ನಮ್ಮಲ್ಲಿ ನಾಲ್ಕು ಕೋಣೆಗೆ ಪ್ಯಾನೆಲ್ ಹೀಟರ್ ಹಾಕಿಸಿದ್ದೇವೆ. ಮೊದಲನೆಯದು ಮೂರೇ ತಿಂಗಳಲ್ಲಿ ಗೋಡೆಯಿಂದ ಕಿತ್ತು ಬಂತು. ಅದು ಹಾಲೋ ಬ್ಲಾಕ್ ಗೋಡೆ. ಕೆಲಸದವರು ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಮಾಮೂಲಿ ಪ್ಲಾಸ್ಟಿಕ್ ವಾಲ್ ಪ್ಲಗ್ ಹೊಡೆದಿದ್ದರು. ಬ್ಲಾಕಿನ ಟೊಳ್ಳಿಗೆ ಸ್ಕ್ರೂ ಹೋದರೆ ಹಿಡಿಯುವುದು ಬರೀ ಒಂದು ಇಂಚು ಸಿಮೆಂಟ್. ನಮ್ಮ ಅದೃಷ್ಟ, ಆಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಟೊಳ್ಳಿನೊಳಗೆ ಹೋಗಿ ಅರಳಿ ಹಿಡಿದುಕೊಳ್ಳುವ ಬೋಲ್ಟ್ ಹಾಕಿಸಿದೆವು.

ಅದಕ್ಕೇ ಹೇಳುವುದು, ಗೋಡೆ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಮೂಲೆಯಲ್ಲಿ ಒಂದು ಸಣ್ಣ ತೂತು ಕೊರೆದು ನೋಡಿ. ಬೂದು ಪುಡಿ ಬಂದರೆ ಸಿಮೆಂಟ್ ಬ್ಲಾಕ್, ಕೆಂಪು ಗಟ್ಟಿ ಪುಡಿ ಬಂದರೆ ಇಟ್ಟಿಗೆ ಅಥವಾ ಜಂಬಿಟ್ಟಿಗೆ. ಡ್ರಿಲ್ ಬೆಣ್ಣೆಯಲ್ಲಿ ಇಳಿದ ಹಾಗೆ ಹೋದರೆ ಮಣ್ಣು.

ಇನ್ನೊಂದು ಮಾತು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಅಂತ ಅತಿಥಿಗಳು ಹೀಟರ್ ಮೇಲೇ ಸ್ವೆಟರ್ ಹರಡುತ್ತಾರೆ. ಗಾಳಿ ಹೋಗುವ ಸಂದಿ ಮುಚ್ಚಿದರೆ ಹೀಟರ್ ಒಳಗೇ ಕಾಯುತ್ತದೆ. ಮನೆಯವರಿಗೂ ಇದನ್ನು ಹೇಳಿ ಇಡಬೇಕು. ಕರ್ಟನ್ ಸಹ ಹತ್ತಿರ ಬರಬಾರದು.

ಅಮ್ಮತ್ತಿ ಐರ್ಲೆಂಡ್ ರಿಟರ್ನ್ · ನವೆಂಬರ್ 15

ಐರ್ಲೆಂಡಿನಲ್ಲಿ ಆರು ವರ್ಷ ಇದ್ದೆ. ಅಲ್ಲಿ ಬಾಡಿಗೆ ಮನೆಯ ರೇಡಿಯೇಟರ್ ಬದಲಿಸುವಾಗ ಪ್ಲಂಬರ್ ಜೊತೆ ನಿಂತು ಕೆಲಸ ಕಲಿತೆ. ಅಲ್ಲಿಯದು ಎಣ್ಣೆಯದಲ್ಲ, ನೀರಿನದು. ಬಾಯ್ಲರ್‌ನಿಂದ ಬಿಸಿನೀರು ಪೈಪಿನಲ್ಲಿ ಬಂದು, ಗೋಡೆಯ ಉಕ್ಕಿನ ಪ್ಯಾನೆಲ್ ಒಳಗೆ ಸುತ್ತಿ ವಾಪಸ್ ಹೋಗುತ್ತದೆ.

ಅದರ ಎರಡು ತುದಿಗೂ ವಾಲ್ವ್ ಇರುತ್ತದೆ. ಒಂದು ನಾವು ಬಿಸಿ ಹೆಚ್ಚು ಕಮ್ಮಿ ಮಾಡುವುದು. ಇನ್ನೊಂದು ಟೋಪಿಯ ಒಳಗೆ ಮುಚ್ಚಿರುತ್ತದೆ, ಎಲ್ಲಾ ಕೋಣೆಗೂ ನೀರು ಸಮ ಹಂಚುವುದಕ್ಕೆ ಒಂದು ಸಲ ಹೊಂದಿಸಿ ಬಿಡುತ್ತಾರೆ. ಆ ಎರಡನೆಯದನ್ನು ಮುಚ್ಚುವಾಗ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ ಬರೆದಿಡಬೇಕು. ಹೊಸದು ಹಾಕಿದ ಮೇಲೆ ಅಷ್ಟೇ ಸುತ್ತು ತೆರೆಯಬೇಕು. ನಟ್ ಬಿಚ್ಚಿದಾಗ ಒಳಗಿನಿಂದ ಇದ್ದಿಲು ಕಲಸಿದಂಥ ಕಪ್ಪು ನೀರು ಬರುತ್ತದೆ, ಅದು ಉಕ್ಕು ಒಳಗೇ ತುಕ್ಕು ಹಿಡಿದ ಕೆಸರು. ಕೆಳಗೆ ಹಳೇ ಟವೆಲ್, ತಟ್ಟೆ ಇಡದಿದ್ದರೆ ನೆಲ ಹಾಳು. ಒಂದು ಮೀಟರ್ ಉದ್ದದ ಜೋಡಿ ಪ್ಯಾನೆಲ್ ಖಾಲಿ ಇದ್ದಾಗಲೇ 30 ಕೆಜಿ ಹತ್ತಿರ ತೂಗುತ್ತದೆ. ಇಬ್ಬರು ಬೇಕು. ಬ್ರಾಕೆಟ್‌ಗೆ ಕೂರಿಸಿ, ನೀರು ಬಿಟ್ಟು, ಮೇಲ್ತುದಿಯ ಸಣ್ಣ ಕೀಲಿಯಲ್ಲಿ ಒಳಗಿನ ಗಾಳಿ ಹೊರಗೆ ಬಿಡಬೇಕು. ಗಾಳಿ ಉಳಿದರೆ ಕೆಳಗೆ ಬಿಸಿ, ಮೇಲೆ ತಣ್ಣಗೆ.

ಅಕ್ಕನಿಗೆ ಇದರಿಂದ ಉಪಯೋಗಕ್ಕೆ ಬರುವ ವಿಷಯ ಒಂದಿದೆ. ಅಲ್ಲಿ ರೇಡಿಯೇಟರನ್ನು ಸಾಮಾನ್ಯವಾಗಿ ಕಿಟಕಿಯ ಕೆಳಗೆ ಹಾಕುತ್ತಾರೆ. ಗಾಜಿನಿಂದ ಇಳಿಯುವ ತಣ್ಣನೆ ಗಾಳಿಯನ್ನು ಅಲ್ಲೇ ಬಿಸಿ ಮಾಡಲಿ ಅಂತ.

ಸೋಮವಾರಪೇಟೆ ವಯರ್‌ಮ್ಯಾನ್ · ನವೆಂಬರ್ 15

ನೀರಿನ ರೇಡಿಯೇಟರ್‌ಗೆ ಅದು ಸರಿ ಅಣ್ಣ. ಇಲ್ಲಿ ಕರೆಂಟಿನ ಹೀಟರ್, ಹಳೇ ಮರದ ಕಿಟಕಿ. ಪಡುವಣ ಮಳೆ ಹೊಡೆದಾಗ ಕಿಟಕಿಯ ಸಂದಿಯಿಂದ ನೀರು ಒಳಗೆ ಇಳಿಯುತ್ತದೆ. ಕರ್ಟನ್ ಬೇರೆ ಇರುತ್ತದೆ. ನಾನಂತೂ ಕಿಟಕಿ ಕೆಳಗೆ ಹಾಕುವುದಿಲ್ಲ. ಮಳೆ ಹೊಡೆಯದ ಒಳಗೋಡೆಯೇ ಒಳ್ಳೆಯದು. ಹೊರಗೋಡೆಯ ತೇವಕ್ಕೆ ಸ್ಕ್ರೂ ತುಕ್ಕು ಹಿಡಿಯುತ್ತದೆ.

ಅಮ್ಮತ್ತಿ ಐರ್ಲೆಂಡ್ ರಿಟರ್ನ್ · ನವೆಂಬರ್ 15

ಹೌದು, ನಮ್ಮ ಮಳೆಯನ್ನು ಲೆಕ್ಕಕ್ಕೆ ತಗೊಳ್ಳದೆ ಹೇಳಿಬಿಟ್ಟೆ. ಒಳಗೋಡೆಯೇ ಸರಿ.

ಶನಿವಾರಸಂತೆ ಕಾಳುಮೆಣಸು · ನವೆಂಬರ್ 16

ಸ್ವಲ್ಪ ಬೇರೆ ಪ್ರಶ್ನೆ. ನಮ್ಮ ಬಚ್ಚಲಲ್ಲಿ ಸೌದೆ ಹಂಡೆ ಇಡೀ ಬೆಳಿಗ್ಗೆ ಉರಿಯುತ್ತದೆ. ಆ ನೀರನ್ನೇ ಪೈಪಿನಲ್ಲಿ ಮಲಗುವ ಕೋಣೆಯ ರೇಡಿಯೇಟರ್‌ಗೆ ಕೊಡಬಹುದಾ? ಕರೆಂಟ್ ಉಳಿಯುತ್ತದಲ್ವಾ?

ಅಮ್ಮತ್ತಿ ಐರ್ಲೆಂಡ್ ರಿಟರ್ನ್ · ನವೆಂಬರ್ 16

ಯೋಚನೆ ಚೆನ್ನಾಗಿದೆ, ಆದರೆ ಹಂಡೆಗೆ ಮುಚ್ಚಳ ಬಿಗಿದು ಪೈಪ್ ಹಾಕುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಹಂಡೆಯ ಬಾಯಿ ತೆರೆದಿರುವುದರಿಂದಲೇ ಅದು ಅಪಾಯವಿಲ್ಲದ್ದು. ಸೌದೆ ಬೆಂಕಿಯನ್ನು ಸ್ವಿಚ್ ಹಾಕಿ ಆರಿಸಲು ಆಗುವುದಿಲ್ಲ. ನೀರು ಸುತ್ತಿಸುವ ಪಂಪ್ ನಿಂತರೂ ಬೆಂಕಿ ಉರಿಯುತ್ತಲೇ ಇರುತ್ತದೆ, ನೀರು ಕುದಿದು ಆವಿಯಾಗಿ ಸಿಡಿಯುತ್ತದೆ. ಅದಕ್ಕೇ ಸೌದೆ ಬಾಯ್ಲರ್‌ಗೆ ಮೇಲೆ ತೆರೆದ ಟ್ಯಾಂಕ್, ಆವಿ ಹೋಗಲು ಎಲ್ಲೂ ಮುಚ್ಚದ ಒಂದು ಪೈಪ್ ಇಡುತ್ತಾರೆ. ಈ ಕೆಲಸ ಗೊತ್ತಿರುವವರು ಮನೆಗೆ ಬಂದು ನೋಡಿಯೇ ಮಾಡಬೇಕು.

ಗಾಳಿಬೀಡು ತೋಟದಮನೆ · ನವೆಂಬರ್ 19

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿರಾಜಪೇಟೆಯವರು ಹೇಳಿದ ಹಾಗೆ ಮೂಲೆಯಲ್ಲಿ ಕೊರೆದು ನೋಡಿದೆವು. 8 ಎಂಎಂ ಬಿಟ್ ಒತ್ತುವುದೇ ಬೇಡ, ತಾನೇ ಇಳಿಯಿತು. ಮೇಲೆ ಅರ್ಧ ಇಂಚು ಸುಣ್ಣದ ಗಾರೆ, ಆಮೇಲೆ ಬರೀ ಮಣ್ಣು. ವಾಲ್ ಪ್ಲಗ್ ಬೆರಳಲ್ಲೇ ಕಿತ್ತು ಬಂತು. ಗೋಡೆ ಒಂದೂವರೆ ಅಡಿ ದಪ್ಪ ಇದೆ, ಆದರೂ ಒಂದು ಸ್ಕ್ರೂ ಹಿಡಿಯುವುದಿಲ್ಲ. ಅಜ್ಜ ಕಟ್ಟಿಸಿದ ಗೋಡೆಯನ್ನು ಒಡೆದು ಸಿಮೆಂಟ್ ತುಂಬಿಸಲು ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಕುಶಾಲನಗರ ವೆಲ್ಡಿಂಗ್ · ನವೆಂಬರ್ 20

ಇದೆ ಅಕ್ಕ. ಗೋಡೆಗೆ ಸಿಮೆಂಟ್ ತುಂಬುವುದು ನನಗೂ ಇಷ್ಟ ಇಲ್ಲ. ಮಣ್ಣಿಗೂ ಸಿಮೆಂಟಿಗೂ ಕೂಡುವುದಿಲ್ಲ. ಮಣ್ಣು ತೇವ ಹೀರಿ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ನಾಲ್ಕು ಮಳೆ ಕಳೆದರೆ ಸಿಮೆಂಟ್ ಉಂಡೆ ಹಾಗೇ ಸಡಿಲವಾಗಿ ಹೊರಗೆ ಬರುತ್ತದೆ.

ಗೋಡೆಯ ಮೇಲೆ ಭಾರ ಹಾಕುವುದೇ ಬೇಡ. ಹಳೇ ಮನೆಗಳಲ್ಲಿ ಗೋಡೆಯ ತಲೆಯ ಮೇಲೆ ಉದ್ದಕ್ಕೂ ಮರದ ತೊಲೆ ಇರುತ್ತದೆ. ನಿಮ್ಮಲ್ಲೂ ಇರಬೇಕು. ನೆಲದಿಂದ ಆ ತೊಲೆಯವರೆಗೆ ಎರಡು ಚೌಕ ಪೈಪ್ ನಿಲ್ಲಿಸಿ. ಕೆಳಗೆ ನಾಲ್ಕು ಇಂಚು ಚೌಕದ ಪ್ಲೇಟ್ ಬೆಸುಗೆ ಹಾಕಿ ನೆಲದ ಮೇಲೆ ಕೂರಿಸುವುದು, ಮೇಲೆ ತೊಲೆಗೆ ಮರದ ಸ್ಕ್ರೂ. ನಡುವೆ ಎರಡು ಅಡ್ಡ ಪಟ್ಟಿ. ಹೀಟರಿನ ಬ್ರಾಕೆಟನ್ನು ಆ ಪಟ್ಟಿಗೆ ನಟ್ ಬೋಲ್ಟ್ ಹಾಕಿ ಬಿಗಿಯಬೇಕು. ಭಾರ ನೆಲ ಹೊರುತ್ತದೆ, ಹಿಡಿತ ತೊಲೆ ಕೊಡುತ್ತದೆ. ಗೋಡೆಗೆ ಒಂದು ತೂತೂ ಬೇಡ. ಮುಂದಕ್ಕೆ ಚಾಚಿದ ಕಾಲು ಇಲ್ಲದ್ದರಿಂದ ವಾಕರ್‌ಗೂ ಅಡ್ಡ ಬರುವುದಿಲ್ಲ.

ಸೋಮವಾರಪೇಟೆ ವಯರ್‌ಮ್ಯಾನ್ · ನವೆಂಬರ್ 20

ಬಹಳ ಒಳ್ಳೆಯ ಉಪಾಯ. ಒಂದೇ ಸೇರಿಸುತ್ತೇನೆ, ಕಬ್ಬಿಣದ ಫ್ರೇಮನ್ನೂ ಅರ್ಥ್ ವಯರ್‌ಗೆ ಸೇರಿಸಬೇಕು. ಅದಕ್ಕೆ ಫ್ರೇಮಿನಲ್ಲಿ ಒಂದು ಬೋಲ್ಟ್ ಬಿಡಿ, ಆ ಜಾಗಕ್ಕೆ ಪೇಂಟ್ ಬಳಿಯಬೇಡಿ. ಅವ್ವ ಕತ್ತಲಲ್ಲಿ ಅದನ್ನು ಹಿಡಿದು ಏಳಬಹುದು, ಮರೆಯಬೇಡಿ.

ಗಾಳಿಬೀಡು ತೋಟದಮನೆ · ಡಿಸೆಂಬರ್ 21

ಹುತ್ತರಿ ಹಬ್ಬ, ಅದರ ಹಿಂದೆಯೇ ಕಾಫಿ ಕೊಯ್ಲು, ಹಾಗಾಗಿ ಕೆಲಸ ತಡವಾಯಿತು. ಈಗ ಮುಗಿದಿದೆ.

ಮೊದಲು ವಯರಿಂಗ್ ಮಾಡಿಸಿದೆ. ಹಳೇ ಲೈನ್ ಬಿಚ್ಚಿದರೆ ಅಲ್ಯೂಮಿನಿಯಂ ವಯರ್, ಒಂದು ಜಾಯಿಂಟಿನಲ್ಲಿ ಟೇಪ್ ಕರಗಿ ಅಂಟಿಕೊಂಡಿತ್ತು. ನೋಡಿ ಕೈಕಾಲು ತಣ್ಣಗಾಯಿತು. ಇಷ್ಟು ವರ್ಷ ಅವ್ವ ಅದರ ಪಕ್ಕ ಮಲಗಿದ್ದರು. ಸೋಮವಾರಪೇಟೆ ಅಣ್ಣ ಆವತ್ತು ಪಾಯಿಂಟ್ ಯಾವುದು ಅಂತ ಕೇಳದೇ ಇದ್ದಿದ್ದರೆ ನಾನು ಹೊಸ ಹೀಟರನ್ನೂ ಅದಕ್ಕೇ ಹಾಕುತ್ತಿದ್ದೆ.

ಆಮೇಲೆ ಸೀಲಿಂಗ್. ಪೂರ್ತಿ ಕೋಣೆಗೆ ಮಾಡಿಸಿದೆವು. ಫ್ರೇಮ್ ಊರಿನ ಹತ್ತಿರವೇ ಬೆಸುಗೆ ಹಾಕಿಸಿ, ಅಡುಗೆಮನೆ ಕಡೆಯ ಒಳಗೋಡೆಗೆ ಒರಗಿಸಿ ನಿಲ್ಲಿಸಿದೆವು. ಸೀಲಿಂಗನ್ನು ತೊಲೆಯ ಮಟ್ಟಕ್ಕೇ ಹೊಡೆಸಿದ್ದರಿಂದ ಪೈಪಿನ ತಲೆ ಹಿಡಿಸುವುದಕ್ಕೆ ತೊಂದರೆ ಆಗಲಿಲ್ಲ. 1500 ವ್ಯಾಟ್ ಪ್ಯಾನೆಲ್ ಹೀಟರ್, ಆರು ಕೆಜಿ. ಕೈಪಿಡಿಯಲ್ಲಿ ನೆಲದಿಂದ 15 ಸೆಂಟಿಮೀಟರ್ ಬಿಡಿ ಅಂತ ಇತ್ತು, ನಾವು 20 ಬಿಟ್ಟೆವು. ಫ್ರೇಮನ್ನು ಇಬ್ಬರು ಹಿಡಿದು ಅಲ್ಲಾಡಿಸಿ ನೋಡಿದೆವು, ಜಗ್ಗಲಿಲ್ಲ.

ನಿನ್ನೆ ರಾತ್ರಿ ಥರ್ಮಾಮೀಟರ್ ಇಟ್ಟು ನೋಡಿದೆ. ಹಾಕಿದಾಗ 15 ಡಿಗ್ರಿ, ಐವತ್ತು ನಿಮಿಷಕ್ಕೆ 21. ಅವ್ವ ಹೊದ್ದಿದ್ದ ಎರಡನೇ ಕಂಬಳಿ ತೆಗೆದಿಟ್ಟು, ಕಾಲು ಚಾಚಿ ಮಲಗಿದರು. ಎಷ್ಟೋ ದಿನ ಆಗಿತ್ತು ಅವರು ಹಾಗೆ ಮಲಗಿದ್ದನ್ನು ನೋಡಿ.

ಮಡಿಕೇರಿ ಹೊಸಬ · ಡಿಸೆಂಬರ್ 22

ಓದಿ ಖುಷಿಯಾಯಿತು ಅಕ್ಕ. ಬಿಲ್ ಎಷ್ಟು ಬರಬಹುದು? ನಮಗೆ ಗೃಹಜ್ಯೋತಿ ಇದೆ, ಅದು ತಪ್ಪುತ್ತದೆ ಅನ್ನುವ ಚಿಂತೆ. ಮತ್ತೆ ಇನ್ವರ್ಟರ್‌ನಲ್ಲಿ ಓಡುತ್ತದಾ?

ಸೋಮವಾರಪೇಟೆ ವಯರ್‌ಮ್ಯಾನ್ · ಡಿಸೆಂಬರ್ 22

1500 ವ್ಯಾಟ್ ನಾಲ್ಕು ಗಂಟೆ ಪೂರ್ತಿ ಓಡಿದರೆ 6 ಯೂನಿಟ್. ತಿಂಗಳಿಗೆ 180. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 200ರ ಒಳಗಿದ್ದರೂ ನಿಮಗೆ ನಿಗದಿ ಮಾಡಿರುವ ಯೂನಿಟ್‌ಗಿಂತ ಹೆಚ್ಚಾದದ್ದಕ್ಕೆ ದುಡ್ಡು ಕೊಡಬೇಕು. ಕೋಣೆ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಆಗಾಗ ಆಫ್ ಮಾಡುವುದರಿಂದ ನಿಜವಾಗಿ ಇಷ್ಟು ಬರುವುದಿಲ್ಲ. ಸೀಲಿಂಗ್ ಇದ್ದರೆ ಮಾತ್ರ ಈ ಮಾತು.

ಇನ್ವರ್ಟರ್‌ಗೆ ಬೇಡ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಪೂರ್ತಿ ತುಂಬಿದಾಗಲೂ ಸುಮಾರು 1.8 ಯೂನಿಟ್ ಇರುತ್ತದೆ. ಮನೆಯ ಇನ್ವರ್ಟರ್ 1500 ವ್ಯಾಟ್ ಎಳೆಯುವುದೂ ಇಲ್ಲ. ತೋಟದ ಲೈನಿನಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ 1500 ವ್ಯಾಟಿನ ಹೀಟರ್ ಕೊಡುವುದು 920 ವ್ಯಾಟ್ ಅಷ್ಟೇ. ಹೀಟರ್ ಕೆಟ್ಟಿತು ಅಂತ ಅಂಗಡಿಗೆ ಹೊತ್ತುಕೊಂಡು ಹೋಗುವ ಮುಂಚೆ ವೋಲ್ಟೇಜ್ ನೋಡಿಸಿ. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕಿತ್ತಿಡಿ.

ಗಾಳಿಬೀಡು ತೋಟದಮನೆ · ಜನವರಿ 24

ಒಂದು ತಿಂಗಳ ಲೆಕ್ಕ ಬರೆದಿಟ್ಟಿದ್ದೆ. ಸಂಜೆ ಏಳರಿಂದ ಹತ್ತು, ಬೆಳಿಗ್ಗೆ ಐದರಿಂದ ಆರು. ಮೀಟರ್ ನೋಡಿದರೆ ದಿನಕ್ಕೆ ನಾಲ್ಕು ಯೂನಿಟ್ ಹತ್ತಿರ ಹೆಚ್ಚಾಗಿದೆ. ಬೀರುವಿನ ಹಿಂದಿನ ಬೂಷ್ಟು ಹೋಗಿಲ್ಲ. ಬಿಸಿ ಮಾಡಿದರೆ ಸಾಲದು, ತೇವ ಹೊರಗೆ ಹೋಗಬೇಕಲ್ಲ. ಈಗ ದಿನಾ ಮಧ್ಯಾಹ್ನ ಬಿಸಿಲಿಗೆ ಒಂದು ಗಂಟೆ ಕಿಟಕಿ ತೆರೆಯುತ್ತಿದ್ದೇನೆ. ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಮುಂದೆ ಎಳೆದೆ.

ನಾಪೋಕ್ಲು ಕಿತ್ತಳೆ · ಜನವರಿ 25

ಅಕ್ಕ, ನಮ್ಮದೂ ಮಣ್ಣಿನ ಗೋಡೆ, ಮಾವನಿಗೆ 82. ಫ್ರೇಮಿನ ಅಳತೆ ಕೊಡಬಹುದಾ?

ಗಾಳಿಬೀಡು ತೋಟದಮನೆ · ಜನವರಿ 25

ಖಂಡಿತ. ಒಂದೂಕಾಲು ಇಂಚಿನ ಚೌಕ ಪೈಪ್, ಎರಡರ ನಡುವೆ 22 ಇಂಚು. ನಮ್ಮ ತೊಲೆ ಎಂಟೂವರೆ ಅಡಿ ಎತ್ತರದಲ್ಲಿದೆ, ನಿಮ್ಮದನ್ನು ಎರಡೂ ಕಡೆ ಬೇರೆ ಬೇರೆ ಅಳೆಯಿರಿ. ನಮ್ಮ ನೆಲ ಒಂದು ಕಡೆ ಅರ್ಧ ಇಂಚು ತಗ್ಗು ಇತ್ತು, ಮೊದಲ ಸಲ ಪೈಪ್ ಗಿಡ್ಡ ಆಗಿ ಮತ್ತೆ ವೆಲ್ಡಿಂಗ್‌ಗೆ ಒಯ್ದೆವು. ಅಡ್ಡ ಪಟ್ಟಿಯನ್ನು ಹೀಟರ್ ಕೊಂಡ ಮೇಲೆ, ಅದರ ಬ್ರಾಕೆಟ್ ಇಟ್ಟು ಗುರುತು ಮಾಡಿಯೇ ಬೆಸುಗೆ ಹಾಕಿಸಿ. ಪ್ಲೇಟಿನ ಕೆಳಗೆ ಹಳೇ ಟ್ಯೂಬಿನ ರಬ್ಬರ್ ಇಟ್ಟರೆ ನೆಲಕ್ಕೆ ಗೀರು ಬೀಳುವುದಿಲ್ಲ. ನೋಡಿಕೊಂಡು ಹೋಗುವುದಾದರೆ ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ. ಕೊಯ್ಲು ಇನ್ನೂ ಮುಗಿದಿಲ್ಲ, ಬೇರೆ ದಿನ ಮನೆಯಲ್ಲಿ ಅವ್ವ ಒಬ್ಬರೇ ಇರುತ್ತಾರೆ.